ಸುಮಿತ್ರಾಳ ಮುಖಕ್ಕೆ ಜಾಗ ಮಾಡಿದ್ದು

ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ, ಅದು ಬೇರೆಯವರ ಮನೆಯದಾದರೂ ಸರಿ, ಎದ್ದು ಹೋಗಿ ಆರಿಸಿ ಬರುವ ಪೈಕಿ ನಾನು. ಮದುವೆಗೆ ಹೋದರೆ ಕೈ ತೊಳೆಯುವ ಕಡೆ ತೊಟ್ಟಿಕ್ಕುವ ನಲ್ಲಿಗಳನ್ನೆಲ್ಲ ಬಿಗಿ ಮಾಡಿಯೇ ಊಟಕ್ಕೆ ಕೂರುವುದು. ಒಮ್ಮೆ ಬ್ಯಾಂಕಿನ ಮ್ಯಾನೇಜರು ಊಟಕ್ಕೆ ಎದ್ದು ಹೋಗಿದ್ದಾಗ ಅವರ ಕೋಣೆಯ ಏಸಿ ಆರಿಸಲು ಹೋಗಿ ಕಾವಲುಗಾರನ ಕೈಗೆ ಸಿಕ್ಕಿಬಿದ್ದಿದ್ದೇನೆ. ಕೆಲಸವಿಲ್ಲದೆ ಓಡುವ ಯಾವುದನ್ನೂ ನಿಲ್ಲಿಸದೆ ನಾನು ಮುಂದೆ ಹೋಗಲಾರೆ. ಇದು ನನ್ನ ದೊಡ್ಡ ಗುಣವೆಂದು ನಂಬಿಕೊಂಡು, ಕೇಳಿದವರಿಗೂ ಕೇಳದವರಿಗೂ ಬೋಧಿಸಿಕೊಂಡು ಐವತ್ತೆರಡು ವರ್ಷ ಕಳೆದೆ. ಈ ಗುಣದಿಂದ ನನಗೆ ಈಚೆಗೆ ಆದದ್ದನ್ನು ಹೇಳುತ್ತೇನೆ, ಕೇಳಿ. ನಿಮ್ಮ ಕೈಯಲ್ಲೂ ಒಂದು ಫೋನು ಇದ್ದೇ ಇರುತ್ತದೆ, ಉಪಯೋಗಕ್ಕೆ ಬಂದೀತು.

ನನ್ನದು ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಹಳೆಯ ಬಾಗಿಲು, ಕಿಟಕಿ, ಮೇಜು, ಕುರ್ಚಿಗಳ ಅಂಗಡಿ. ಮನೆ ಚಿನ್ನದ ಗಣಿಯ ಊರಾದ ಊರಿಗಾಮಿನಲ್ಲಿ. ಗಣಿ ಕಂಪನಿಯ ಕಾಲದ ಸಾಮಾನು ಎಲ್ಲಿ ಬಿಚ್ಚುತ್ತಾರೆಂದರೆ ಅಲ್ಲಿ ನಾನು ಹಾಜರು. ಯಾರೋ ದೊರೆ ಕೂತಿದ್ದ ತೇಗದ ಕುರ್ಚಿಯನ್ನು ಒಂದು ಕಾಲು ಲೊಡಕು ಎಂದು ಮೂಗು ಮುರಿದು ತರುತ್ತೇನೆ. ಅದೇ ಕುರ್ಚಿ ನನ್ನ ಅಂಗಡಿಗೆ ಬಂದ ಮೇಲೆ ಅದರ ಕಾಲು ತಾನಾಗಿ ನೆಟ್ಟಗಾಗುತ್ತದೆ. ಈ ವಿದ್ಯೆ ಹೇಳಿಕೊಟ್ಟವರು ನಮ್ಮಪ್ಪ. ಅವರು ದನದ ಸಂತೆಯಲ್ಲಿ ದಲ್ಲಾಳಿ. ಟವೆಲಿನ ಅಡಿಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಹಿಸುಕಿ ರೇಟು ಕುದುರಿಸುವುದು ನಮ್ಮ ಕಡೆಯ ಪದ್ಧತಿ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಅಪ್ಪ ಎತ್ತಿನ ಕಡೆ ನೋಡುತ್ತಲೇ ಇರಲಿಲ್ಲ. ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತಿದ್ದರು. ಕೆಳಗೆ ಬೆರಳುಗಳು ಒದ್ದಾಡುತ್ತಿರುತ್ತಿದ್ದವು, ಮೇಲೆ ಮುಖ ಮಾತ್ರ ಕಲ್ಲು. "ಬೇಕು ಅಂತ ಮಕದಾಗೆ ಕಾಣ್ಸಿದ್ಯೋ, ಕೆಟ್ಟೆ ಕಣ್ಲಾ" ಎನ್ನುತ್ತಿದ್ದರು. ಇದನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ನನಗೆ ಹಸಿವಾಗಿದೆಯೋ ಇಲ್ಲವೋ ಎಂಬುದು ಹೋಟೆಲಿನವರಿಗೂ ತಿಳಿಯುವುದಿಲ್ಲ.

ಹೀಗಿದ್ದ ನನ್ನನ್ನು ಜೀವನದಲ್ಲಿ ಒಂದೇ ಒಂದು ಗಿರಾಕಿ ತಬ್ಬಿಬ್ಬು ಮಾಡಿದ್ದು. ಇಪ್ಪತ್ತೆರಡು ವರ್ಷದ ಹಿಂದೆ ಧಾರವಾಡದ ಕಡೆಯಿಂದ ಇಲ್ಲಿನ ಕಾರ್ಖಾನೆಗೆ ಕೆಲಸಕ್ಕೆಂದು ಬಂದ ಹೆಣ್ಣುಮಗಳೊಬ್ಬಳು ಬರೆಯುವ ಮೇಜು ಕೇಳಿಕೊಂಡು ಅಂಗಡಿಗೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ, "ನೋಡ್ರಿ, ಚೌಕಾಶಿ ಮಾಡಾಕ ನನಗ ಬರೂದಿಲ್ಲ. ಖರೇ ರೇಟು ಹೇಳ್ರಿ, ಕೊಡ್ತೀನಿ" ಎಂದಳು. ಖರೇ ರೇಟು! ಅದನ್ನು ನನ್ನ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ, ಹಾಗಾಗಿ ನನಗೂ ಗೊತ್ತಿರಲಿಲ್ಲ. ಲೆಕ್ಕ ಹಾಕಿ ಹೇಳುವಷ್ಟರಲ್ಲಿ ಬೆವೆತೆ. ಮೇಜನ್ನು ನಾನೇ ಗಾಡಿಗೆ ಹಾಕಿಸಿ ಅವಳ ಮನೆಗೆ ತಲುಪಿಸಿದೆ. ಮಾರನೆಯ ವರ್ಷ ಆ ಮೇಜು ಅವಳ ಜೊತೆಗೆ ನನ್ನ ಮನೆಗೇ ಬಂತು. ಅವಳೇ ಸುಮಿತ್ರಾ.

ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಬೆಳಿಗ್ಗೆ ಕಾರ್ಖಾನೆ, ನನಗೆ ಬಂಗಾರಪೇಟೆಯ ರೈಲು. ಸಂಜೆ ಅವಳು ರೊಟ್ಟಿ ಬಡಿಯುವ ಶಬ್ದ ಪಕ್ಕದ ಸಾಲಿನ ಮನೆಗಳಿಗೂ ಕೇಳುತ್ತಿತ್ತು. ಹೋದ ವರ್ಷ ಕಾರ್ಖಾನೆಯವರು ನಾಗಪುರದಿಂದಲೂ ಆಚೆ ಇರುವ ತಮ್ಮ ಇನ್ನೊಂದು ಘಟಕಕ್ಕೆ ಅವಳನ್ನು ಒಂದು ವರ್ಷದ ಮಟ್ಟಿಗೆ ಕಳಿಸಿದರು. ಹೋಗುವ ಮುಂಚೆ, "ಹೋಗ್ಲೇನ್ರಿ?" ಎಂದು ಕೇಳಿದಳು. ಬೇಡ ಎಂಬುದು ಗಂಟಲಿನವರೆಗೆ ಬಂದಿತ್ತು. ನಾನು ಕಿಟಕಿಯಿಂದ ಆಕಾಶ ನೋಡಿ, "ನಿನ್ನಿಷ್ಟ" ಎಂದೆ. ಅವಳು ಹೋದಳು. ಆಮೇಲೆ ವಾರಕ್ಕೊಮ್ಮೆಯಾದರೂ ಏನೋ ಒಂದು ನೆಪದಲ್ಲಿ ಕೇಳುತ್ತಿದ್ದಳು: ದೀಪಾವಳಿಗೆ ಬರಲೇ, ರಜೆ ಹಾಕಲೇ, ಬೇಗ ವಾಪಸು ಕಳಿಸಿ ಎಂದು ಅರ್ಜಿ ಕೊಡಲೇ? ಎಲ್ಲಕ್ಕೂ ನನ್ನದು ಅದೇ ಉತ್ತರ. ಇದು ಉದಾರತೆ ಎಂದು ನಾನು ಎಣಿಸಿದ್ದೆ. ಅವಳು ಏನೆಂದು ಎಣಿಸಿದ್ದಳೋ, ವಿಚಾರಿಸಲಿಲ್ಲ.

ದಿನಾ ಸಂಜೆ ನಾಲ್ಕೂವರೆಗೆ ಅವಳ ಪಾಳಿ ಮುಗಿಯುತ್ತದೆ. ಆಗ ವಿಡಿಯೋ ಕರೆ. ನಾನು ಅಂಗಡಿಯ ಹಿಂದೆ, ಬಾಗಿಲುಗಳನ್ನು ಒರಗಿಸಿದ ಸಂದಿಯಲ್ಲಿ, ಒಂದು ಸ್ಟೂಲಿನ ಮೇಲೆ ಕೂರುತ್ತೇನೆ. ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಫೋನಿಗೆ ಏನೋ ಆಯಿತು. ಕರೆ ಬಂದ ಎರಡು ನಿಮಿಷಕ್ಕೆ ಸುಮಿತ್ರಾಳ ಮುಖ ನಿಂತುಬಿಡುತ್ತಿತ್ತು. ನಿಂತರೆ ನೆಟ್ಟಗೆ ನಿಲ್ಲಬಾರದೇ? ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ಸೀನುವುದಕ್ಕೆ ಮುಂಚಿನ ಸ್ಥಿತಿಯಲ್ಲಿ. ಮಾತು ಮಾತ್ರ ಎಲ್ಲೋ ಬಾವಿಯೊಳಗಿನಿಂದ ಬಂದಂತೆ ಬರುತ್ತಿತ್ತು. ನಾನು ಆ ಅರೆಗಣ್ಣಿನ ಮುಖಕ್ಕೇ "ಹೂಂ, ಹೂಂ" ಎನ್ನುತ್ತಿದ್ದೆ. ಇಡೀ ದಿನಕ್ಕೆ ಸಿಗುವುದು ಅದೊಂದು ಮುಖ. ಅದೂ ಹೀಗಾದರೆ ಹೇಗೆ?

ರಾಬರ್ಟ್‌ಸನ್‌ಪೇಟೆಯಲ್ಲಿ ಫೋನು ರಿಪೇರಿ ಮಾಡುವ ಅಂತೋಣಿ ನನ್ನ ಹಳೆಯ ಗೆಳೆಯ. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವನು, ಮಾತಿನಲ್ಲಿ ತಮಿಳು ಬೆರೆಸುವವನು. ಹೋಗಿ ಫೋನು ಅವನ ಮುಂದಿಟ್ಟು, ಹೊಸದು ಕೊಳ್ಳುವ ಅಂದಾಜಿದೆ ಎಂದು ಸುಮ್ಮನೆ ಹೇಳಿದೆ. ಹೀಗೆ ಹೇಳಿದರೆ ರಿಪೇರಿಯವರು ಹಳೆಯದನ್ನು ಶ್ರದ್ಧೆಯಿಂದ ನೋಡುತ್ತಾರೆ, ನೀವೂ ಗಮನದಲ್ಲಿಡಿ. ಅಂತೋಣಿ ನಕ್ಕು, "ಅಣ್ಣೇ, ನೀವಾ ಹೊಸದು ತಗೊಳ್ಳೋದು? ಇಂಗೆ ಪಾರುಂಗ" ಎಂದು ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದ. "ಮುಂದೆ ಒಂದು ಆಪ್ ಕಾಣುತ್ತೆ, ಹಿಂದೆ ಇಪ್ಪತ್ತು ಓಡ್ತಾ ಇರುತ್ತೆ. ಯಾವುದು ಎಷ್ಟು ತಿನ್ನುತ್ತೆ ಅಂತ ನೋಡೋಕೆ ಒಂದು ಮೀಟ್ರು ಹಾಕ್ಕೊಡ್ತೀನಿ. ನೀವೇ ಕಂಡುಹಿಡೀರಿ." ಪರದೆಯ ಮೇಲಂಚಿನಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ನಾಲ್ಕು ಸಂಖ್ಯೆ ಕೂತವು. ಪ್ರೊಸೆಸರ್ ನೂರಕ್ಕೆ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ನೆಟ್‌ವರ್ಕಿನಲ್ಲಿ ಎಷ್ಟು ಹೋಗುತ್ತಿದೆ ಎಷ್ಟು ಬರುತ್ತಿದೆ. ಮೇಲ್ಮುಖದ ಬಾಣ ಎಂದರೆ ನಮ್ಮಿಂದ ಹೋಗುವುದು, ಕೆಳಮುಖದ ಬಾಣ ಎಂದರೆ ನಮಗೆ ಬರುವುದು. ಇನ್ನೂ ಆಳಕ್ಕೆ ಇಳಿಯಬೇಕಾದರೆ ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಎಂಬಲ್ಲಿ ಏಳು ಸಲ ತಟ್ಟಬೇಕು. ಆಗ ಒಂದು ಗುಪ್ತ ಬಾಗಿಲು ತೆರೆದು, ಒಳಗೆ ಯಾರು ಯಾರು ಓಡುತ್ತಿದ್ದಾರೆಂಬ ಪಟ್ಟಿ ಸಿಗುತ್ತದೆ. ಆರು ಸಲ ಕೇಳಿದರೂ ಜಗ್ಗದೆ ಏಳನೆಯದಕ್ಕೆ ಒಪ್ಪುವ ಈ ಬಾಗಿಲಿನ ಮೇಲೆ ನನಗೆ ಮೊದಲ ನೋಟಕ್ಕೇ ಗೌರವ ಹುಟ್ಟಿತು.

ಪಟ್ಟಿ ನೋಡಿದೆ ನೋಡಿ, ಯಾರೋ ಟವೆಲನ್ನು ಎತ್ತಿ ತೋರಿಸಿದಂತಾಯಿತು. ಮೇಜಿನ ಮೇಲೆ ಕಪ್ಪಗೆ, ತಣ್ಣಗೆ ಮಲಗಿದ ಫೋನಿನೊಳಗೆ ಏನು ಗದ್ದಲ! ನಾನು ಎಂದೂ ಎಲ್ಲಿಗೂ ಹೋಗದಿದ್ದರೂ ದಾರಿ ತೋರಿಸುವವನು ಎದ್ದು ಕೂತಿದ್ದಾನೆ. ಹಬ್ಬದಲ್ಲಿ ಒಂದು ಶುಭಾಶಯದ ಚಿತ್ರ ಮಾಡಿದ್ದಕ್ಕೆ, ಆ ಚಿತ್ರ ಮಾಡುವವನು ಇನ್ನೂ ಮನೆಗೆ ಹೋಗಿಲ್ಲ. ಹವಾಮಾನ ಹೇಳುವವನು ಬಂಗಾರಪೇಟೆಯ ಬಿಸಿಲನ್ನು ಹತ್ತು ನಿಮಿಷಕ್ಕೊಮ್ಮೆ ಯಾರನ್ನೋ ಕೇಳುತ್ತಾನೆ. ತಲೆ ಹೊರಗೆ ಹಾಕಿದರೆ ತಿಳಿಯುವುದಿಲ್ಲವೇ? ಒಬ್ಬೊಬ್ಬರನ್ನೇ ಒತ್ತಿ ಹಿಡಿದು, ಬಲವಂತವಾಗಿ ನಿಲ್ಲಿಸುವ ಗುಂಡಿ ಒತ್ತಿದೆ. ಮೆಮೊರಿಯಲ್ಲಿ ಖಾಲಿ ಜಾಗ ಏರುತ್ತ ಹೋಯಿತು. ಆ ಸುಖವನ್ನು ಹೇಗೆ ವರ್ಣಿಸಲಿ? ಇಡೀ ಮದುವೆ ಮಂಟಪದ ನಲ್ಲಿಗಳನ್ನು ಒಟ್ಟಿಗೆ ಬಿಗಿ ಮಾಡಿದ ಹಾಗೆ. ಅಂದು ಸಂಜೆ ಸುಮಿತ್ರಾಳ ಮುಖ ಎಂಟು ನಿಮಿಷ ನಿಲ್ಲದೆ ಆಡಿತು. ಎರಡು ಕಣ್ಣೂ ತೆರೆದಿದ್ದವು. "ಯಾಕ್ರಿ ಹಂಗ ನೋಡಾಕತ್ತೀರಿ?" ಎಂದಳು. "ಏನಿಲ್ಲ, ನೆಟ್‌ವರ್ಕು ನೋಡ್ತಿದೀನಿ" ಎಂದೆ.

ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಕರೆಗಳಲ್ಲಿ ಮಾತು ಕಡಿಮೆ. ಊಟ ಆಯಿತೇ, ಬೆನ್ನುನೋವು ಹೇಗಿದೆ, ನೀರು ಬಂತೇ ಎಂಬಲ್ಲಿಗೆ ಸರಕು ಮುಗಿಯುತ್ತದೆ. ಆಮೇಲೆ ಅವಳು ಅಲ್ಲಿ ಸೊಪ್ಪು ಬಿಡಿಸುತ್ತಾಳೆ, ನಾನು ಇಲ್ಲಿ ಯಾವುದೋ ಬಾಗಿಲಿನ ಚಿಲಕಕ್ಕೆ ಎಣ್ಣೆ ಹಾಕುತ್ತೇನೆ. ಇಂಥ ಮೌನಕ್ಕೂ ಡೇಟಾ ಹೋಗುತ್ತದಲ್ಲ ಎಂದು ಹಿಂದೆ ನನಗೆ ಚುರುಕ್ಕೆನ್ನುತ್ತಿತ್ತು. ಆದರೆ ಮೀಟರು ಬಂದ ಮೇಲೆ ಒಂದು ವಿಚಿತ್ರ ಕಂಡೆ. ಅವಳು ಒಂದಕ್ಷರ ಆಡದಿದ್ದರೂ ಆ ಕೆಳಮುಖದ ಬಾಣದ ಪಕ್ಕದ ಸಂಖ್ಯೆ ಕುಣಿಯುತ್ತಲೇ ಇರುತ್ತಿತ್ತು. ಸುಮ್ಮನೆ ಕೂತ ಸುಮಿತ್ರಾ ಅಷ್ಟು ದೂರದಿಂದ ಕ್ಷಣ ಕ್ಷಣವೂ ಬರುತ್ತಿದ್ದಳು. ಅವಳು ಮನೆಯಲ್ಲೇ ಇದ್ದ ಇಪ್ಪತ್ತು ವರ್ಷ ಎಷ್ಟು ಸಂಜೆ ಹೀಗೆ ಸುಮ್ಮನೆ ಕೂತಿದ್ದಳು, ಆಗ ನಾನು ಮೀಟರು ನೋಡಿರಲಿಲ್ಲ.

ಚಟ ಹತ್ತಿತು. ಬೆಳಗಿನ ರೈಲು ಹತ್ತಿದರೆ ಫೋನು ತೆಗೆದು ಹಾಜರಿ ಶುರು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳು ದಾಟುವ ಹೊತ್ತಿಗೆ ಆರೇಳು ಜನರನ್ನು ಮನೆಗೆ ಕಳಿಸಿರುತ್ತಿದ್ದೆ. ನಾನು ಹುಟ್ಟಿದ ಹಳ್ಳಿಯವಳೇ ಆದ ಮುನಿಯಮ್ಮ, ಬಂಗಾರಪೇಟೆಯಲ್ಲೇ ಸೊಪ್ಪು ಕೊಂಡು ಮಾರುವವಳು, ಅದೇ ರೈಲು ಡಬ್ಬಿಯಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಬರುತ್ತಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಇನ್ನೂ ಚಡ್ಡಿ ಹಾಕಿಕೊಂಡವನೆಂದೇ ತಿಳಿದಿದ್ದಾಳೆ. "ಏನ್ಲಾ ನಾಣಿ, ಫೋನಾಗೆ ಏನು ಹೇನು ಕುಕ್ತಾ ಇದೀಯ?" ಎಂದು ಕೇಳಿದಳು. ನಾನು ವಿವರಿಸಿದೆ. ಕೆಲಸವಿಲ್ಲದೆ ಜಾಗ ಹಿಡಿದು ಕೂತವರನ್ನು ಎಬ್ಬಿಸಿದರೆ ಕೆಲಸವಿದ್ದವರಿಗೆ ಜಾಗ ಆಗುತ್ತದೆ ಎಂದೆ. ಅವಳು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಅಂಗಾರೆ ಸ್ಟೇಷನ್ನಾಗೆ ಬೆಂಚ್ ಮ್ಯಾಲೆ ಕುಂತೋರ್ನೆಲ್ಲ ಎಬ್ಬಿಸ್ಬುಡು. ಅವರೂ ಏನೂ ಮಾಡ್ತಾ ಇರಲ್ಲ, ರೈಲ್ಗೆ ಕಾಯ್ತಾ ಕುಂತಿರ್ತಾರೆ, ಅಷ್ಟೇ" ಎಂದಳು. ಹಳ್ಳಿಯವಳು, ತಂತ್ರಜ್ಞಾನ ತಿಳಿಯದು ಎಂದು ನಾನು ನಕ್ಕೆ. ಆಗಲೇ ಕೇಳಿಸಿಕೊಳ್ಳಬೇಕಿತ್ತು.

ಏಕೆಂದರೆ ಎಲ್ಲರನ್ನೂ ಕಳಿಸಿದ ಮೇಲೆ ಪಟ್ಟಿಯ ನೆತ್ತಿಯ ಮೇಲೆ ಉಳಿದವನು ಸಂದೇಶದ ಆಪ್. ಸುಮಿತ್ರಾಳ ಕರೆ ಬರುವುದು ಅದರಲ್ಲೇ. ದಿನವಿಡೀ ಮೆಮೊರಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದ. ಕೆಲಸವೇನು? ಏನೂ ಇಲ್ಲ. ಹತ್ತು ಗಂಟೆಗೆ ನೋಡಿದರೂ ಕೂತಿದ್ದಾನೆ, ಹನ್ನೆರಡಕ್ಕೆ ನೋಡಿದರೂ ಕೂತಿದ್ದಾನೆ. ನಾನು ವ್ಯಾಪಾರಸ್ಥನ ಹಾಗೆ ಯೋಚಿಸಿದೆ. ಸುಮಿತ್ರಾ ಕರೆಯುವುದು ನಾಲ್ಕೂವರೆಗೆ. ನಾಲ್ಕೂಕಾಲಿಗೆ ತೆರೆದರೆ ಸಾಕು. ಅಲ್ಲಿಯವರೆಗೆ ಇವನು ಯಾಕೆ ಕೂತಿರಬೇಕು? ದಿನಾ ಬೆಳಿಗ್ಗೆ ರೈಲಿನಲ್ಲೇ ಅವನನ್ನೂ ಬಲವಂತವಾಗಿ ನಿಲ್ಲಿಸತೊಡಗಿದೆ. ಮಾಡಿದ್ದು ಅವಳ ಮುಖಕ್ಕೆ ಜಾಗವಾಗಲಿ ಎಂದು, ಇದನ್ನು ದಯವಿಟ್ಟು ನೆನಪಿಡಿ. ಎರಡು ವಾರ ಸೊಗಸಾಗಿ ನಡೆಯಿತು.

ಆಮೇಲೆ ಒಂದು ಗುರುವಾರ, ಎಂದಿನಂತೆ ನಾಲ್ಕೂಕಾಲಿಗೆ ಸ್ಟೂಲಿನ ಮೇಲೆ ಕೂತು ಆಪ್ ತೆರೆದೆ. ತೆರೆದದ್ದೇ ತಡ, ಒಂದರ ಹಿಂದೆ ಒಂದು ಮೂರು ಸಂದೇಶ ಬಿದ್ದವು. ಬೆಳಿಗ್ಗೆ ಎಂಟೂವರೆಯದು ಮೊದಲನೆಯದು: "ಇನ್ನೂ ಆರು ತಿಂಗಳು ಇಲ್ಲೇ ಇರ್ತೀರೇನು ಅಂತ ಕೇಳ್ಯಾರ. ಮಧ್ಯಾಹ್ನ ಎರಡರೊಳಗ ಹೇಳಬೇಕು. ಬಾ ಅಂದ್ರ ಬಂದುಬಿಡ್ತೀನಿ. ನಿನ್ನಿಷ್ಟ ಅಂತ ಮಾತ್ರ ಅನಬ್ಯಾಡ್ರಿ." ಹನ್ನೊಂದೂವರೆಯದು ಎರಡನೆಯದು: "ಮುಟ್ಟಿಲ್ಲೇನು? ಚಾ ಕುಡಿಯಾಕ ಹೊರಗ ಬಂದೀನಿ. ಒಳಗ ಫೋನ್ ಬಿಡೂದಿಲ್ಲ, ಊಟದ ಹೊತ್ತಿಗೆ ಮತ್ತ ಬಂದು ನೋಡ್ತೀನಿ." ಎರಡಕ್ಕೆ ಐದು ನಿಮಿಷ ಇರುವಾಗಿನದು ಮೂರನೆಯದು: "ಇರ್ಲಿ ಬಿಡ್ರಿ. ಸಹಿ ಮಾಡಿ ಕೊಟ್ಟೆ."

ನಾನು ಮೀಟರು ನೋಡಿದೆ. ಅಭ್ಯಾಸ. ಪ್ರೊಸೆಸರ್ ನೂರಕ್ಕೆ ಆರು. ಮೆಮೊರಿಯಲ್ಲಿ ಬೇಕಾದಷ್ಟು ಜಾಗ. ಕೆಳಮುಖದ ಬಾಣದ ಪಕ್ಕ ಸೊನ್ನೆ.

ನಾಲ್ಕೂವರೆ ಆಯಿತು, ಕರೆ ಬರಲಿಲ್ಲ. ನಾನು ಮಾಡಿದೆ, ಎತ್ತಲಿಲ್ಲ. ಸಾಮಾನ್ಯ ಕರೆ ಮಾಡಿದೆ, ಅದನ್ನೂ ಎತ್ತಲಿಲ್ಲ. ಅಂಗಡಿಗೆ ಒಬ್ಬ ಗಿರಾಕಿ ಬಂದು ಕಿಟಕಿಯೊಂದರ ರೇಟು ಕೇಳಿದ. ಹೇಳಿದೆ. ಅವನು ಅರ್ಧಕ್ಕೆ ಕೇಳಿದ, ಒಪ್ಪಿಬಿಟ್ಟೆ. ಅವನು ಹೆದರಿ, ಇದರಲ್ಲಿ ಏನೋ ದೋಷವಿರಬೇಕೆಂದು ಕಿಟಕಿಯನ್ನು ಅಲ್ಲೇ ಬಿಟ್ಟು ಹೋದ. ಅಂತೋಣಿಗೆ ಫೋನು ಮಾಡಿ ಕೂಗಾಡಿದೆ. ಸಂದೇಶ ಬಂದರೆ ಆಪ್ ತಾನಾಗಿ ಏಳಬೇಕಲ್ಲವೇ ಎಂದು ಕೇಳಿದೆ. "ಬಲವಂತವಾಗಿ ನಿಲ್ಲಿಸಿದ್ರೆ ಏಳಲ್ಲ ಅಣ್ಣೇ. ನೀವು ಮತ್ತೆ ತೆರೆಯೋವರೆಗೂ ಅದು ಕಿವಿ ಕೇಳದಂಗೆ ಬಿದ್ದಿರುತ್ತೆ" ಎಂದ ಅಂತೋಣಿ. "ನೀವು ಕೆಲಸ ಇಲ್ಲ ಅಂದ್ಕೊಂಡ್ರಿ. ಸುಮ್ನೆ ಕೂತಿರೋದೇ ಅದರ ಕೆಲಸ. ಅಕ್ಕ ಏನಾದ್ರೂ ಹೇಳ್ತಾರಾ ಅಂತ ಕಾಯ್ತಾ ಇರುತ್ತೆ, ಪಾವಂ." ಕೊನೆಗೆ, "ಮೆಮೊರಿ ಅಷ್ಟು ಖಾಲಿ ಇಟ್ಕೊಂಡು ಏನ್ ಮಾಡ್ತೀರಾ ಅಣ್ಣೇ? ಫೋನು ತುಂಬಿರೋಕೇ ಇರೋದು" ಎಂದ.

ಏನು ಮಾಡುತ್ತೇನೆ? ಊರಿಗಾಮಿನಲ್ಲಿ ಮೂರು ಕೋಣೆಯ ಮನೆಯಿದೆ, ಅದನ್ನು ಖಾಲಿ ಇಟ್ಟುಕೊಂಡು ಏನು ಮಾಡುತ್ತಿದ್ದೇನೋ ಅದನ್ನೇ. ಅಡುಗೆಮನೆಯಲ್ಲಿ ರೊಟ್ಟಿಯ ಹಂಚು ಗೋಡೆಗೆ ಮುಖ ಮಾಡಿ ನಿಂತಿದೆ. ಮಂಚದ ಅವಳ ಕಡೆಯ ಅರ್ಧಕ್ಕೆ ನಾನು ಇನ್ನೂ ಉರುಳಿ ಹೋಗಿಲ್ಲ. ಅವಳ ಹೊದಿಕೆಯನ್ನು ವಾರಕ್ಕೊಮ್ಮೆ ಕೊಡವಿ ಮಡಿಸಿಡುತ್ತೇನೆ, ಯಾರೂ ಹೊದೆಯದಿದ್ದರೂ. ನನ್ನ ತಲೆಗೆ ಅಂತೋಣಿ ಒಂದು ಮೀಟರು ಹಾಕಿಕೊಟ್ಟಿದ್ದರೆ ಈ ಹನ್ನೊಂದು ತಿಂಗಳು ಅದು ನೂರಕ್ಕೆ ತೊಂಬತ್ತರ ಕೆಳಗೆ ಇಳಿದಿರುತ್ತಿರಲಿಲ್ಲ. ಗಿರಾಕಿಯ ಜೊತೆ ಕುರ್ಚಿಯ ಕಾಲಿನ ಬಗ್ಗೆ ವಾದ ಮಾಡುವಾಗಲೂ ಹಿಂದೆ ಅವಳೇ ಓಡುತ್ತಿದ್ದಳು. ಮೇಲೆ ಮುಖ ಮಾತ್ರ ಕಲ್ಲು. ಅದನ್ನು ನೋಡಿದವಳಿಗೆ ಒಳಗಿನದು ಹೇಗೆ ತಿಳಿಯಬೇಕು? ಅವಳೇನು ಏಳು ಸಲ ತಟ್ಟಿರಲಿಲ್ಲವೇ?

ಸಂಜೆಯ ರೈಲಿನಲ್ಲಿ ಮುನಿಯಮ್ಮನಿಗೆ ಎಲ್ಲ ಹೇಳಿದೆ. ಹೇಳಬಾರದೆಂದೇ ಹತ್ತಿದ್ದೆ, ಅವಳು ಮುಖ ನೋಡಿದಳು, ಅಷ್ಟೇ. ಪೂರಾ ಕೇಳಿ, "ಅಲ್ಲ ಕಣ್ಲಾ, ಯಾಪಾರಕ್ಕೆ ಇಷ್ಟುದ್ದ ನಾಲ್ಗೆ ಐತೆ, ಬಾರಮ್ಮಿ ಅನ್ನಕ್ಕೆ ಇಲ್ವಾ? ಇಳಿದೇಟ್ಗೆ ಮಾಡು ಫೋನು. ಆಯಮ್ಮ ಎತ್ತೋಗಂಟ ಮಾಡು" ಎಂದು ಬೈದು, ಮಾರದೆ ಉಳಿದಿದ್ದ ಒಂದು ಕಟ್ಟು ದಂಟಿನ ಸೊಪ್ಪನ್ನು ನನ್ನ ಮಡಿಲಿಗೆ ಹಾಕಿದಳು.

ಊರಿಗಾಂ ಸ್ಟೇಷನ್ನಿನ ಬೆಂಚಿನ ಮೇಲೆ ಸೊಪ್ಪು ಹಿಡಿದು ಕೂತೆ. ನಾಲ್ಕನೆಯ ಸಲಕ್ಕೆ ಎತ್ತಿದಳು. ಮುಖ ತೋರಿಸಲಿಲ್ಲ, ದನಿ ಮಾತ್ರ. "ಹೇಳ್ರಿ." ನಾನು ಟವೆಲು, ಆಕಾಶ ಎಲ್ಲ ಬಿಟ್ಟು ನಡೆದದ್ದನ್ನು ನಡೆದ ಹಾಗೆ ಒಪ್ಪಿಸಿದೆ. ನಿನ್ನ ಮುಖ ನಿಲ್ಲದೆ ಆಡಲಿ ಎಂದು ಮೆಮೊರಿ ಖಾಲಿ ಮಾಡಲು ಹೋಗಿ ನಿನ್ನ ಸಂದೇಶವನ್ನೇ ಬಾಗಿಲಾಚೆ ನಿಲ್ಲಿಸಿದೆ ಎಂದೆ. ಆ ಕಡೆ ಏನೋ ಬಿಕ್ಕಿದ ಸದ್ದು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ಒಂದು ಗೂಡ್ಸ್ ಗಾಡಿ ಹೋಗಿ ಮುಗಿಯುವಷ್ಟು ಹೊತ್ತು ನಕ್ಕಳು. ಆಮೇಲೆ ಮೂಗು ಏರಿಸಿಕೊಂಡು, "ಅಲ್ರೀ, ಅಷ್ಟು ಬೇಕಾಗಿದ್ನೇನು ನಾನು?" ಎಂದಳು.

"ಬೇಕು" ಎಂದೆ. "ಬಂದ್ಬುಡು."

"ಸಹಿ ಆಗೇತ್ರಿ. ಆರು ತಿಂಗಳು. ಇನ್ನ ಬರಾಕ ಬರೂದಿಲ್ಲ."

"ಹಾಗಾದ್ರೆ ನಾನು ಬರ್ತೀನಿ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅಂಗಡಿಗೆ ಭಾನುವಾರವೂ ಬೀಗ ಹಾಕದವನು ನಾನು. "ಎಷ್ಟು ದಿನಾ?" ಎಂದಳು. ಬಾಯಿ ತನ್ನ ಅಭ್ಯಾಸ ಬಿಡುತ್ತದೆಯೇ? "ನಾಲ್ಕು" ಎಂದೆ.

"ನಾಲ್ಕಾ? ಹೋಗಾಕ ಬರಾಕ ಗಾಡ್ಯಾಗ ಮೂರು ದಿನ ಹೋಗ್ತಾವ. ಹದಿನೈದು ದಿನ ಇರ್ರಿ."

"ಆರು."

"ಹದಿನೆಂಟು."

"ಏಯ್, ಹದಿನೈದು ಅಂದೋಳು ಹದಿನೆಂಟಕ್ಕೆ ಹೋದ್ರೆ ಹೆಂಗೆ? ಚೌಕಾಶಿ ಅಂದ್ರೆ ನಾನು ಸ್ವಲ್ಪ ಏರ್ಬೇಕು, ನೀನು ಸ್ವಲ್ಪ ಇಳೀಬೇಕು."

"ನನಗ ಚೌಕಾಶಿ ಬರೂದಿಲ್ಲಂತ ಅವತ್ತ ಹೇಳೀನಲ್ರೀ. ಇಪ್ಪತ್ತು."

ಇಪ್ಪತ್ತಕ್ಕೆ ಮುಗಿಯಿತು. "ಆತು, ಸೋಮವಾರದ ಗಾಡಿಗೆ ತಿಕೀಟು ತಗಸ್ರಿ" ಎಂದು ಫೋನು ಇಟ್ಟಳು. ನಾನು ಬೆಂಚಿನಿಂದ ಎದ್ದು ಸೊಪ್ಪು ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ನಡೆದೆ. ಅರ್ಧ ದಾರಿಯಲ್ಲಿ ಲೆಕ್ಕ ಮಾಡಿ ನೋಡಿದೆ. ಮನಸ್ಸಿನಲ್ಲಿ ನಾನು ನಲವತ್ತು ದಿನಕ್ಕೆ ತಯಾರಾಗಿ ಕೂತಿದ್ದವನು, ಅಂದರೆ ಈ ವ್ಯಾಪಾರದಲ್ಲಿ ಸಲೀಸಾಗಿ ಇಪ್ಪತ್ತು ದಿನ ಉಳಿಸಿದ್ದೆ. ಹೀಗೆ ಉಳಿಸಿದ ಮಾಲು ಕೈಯಲ್ಲಿ ಇಷ್ಟು ಭಾರವಾದದ್ದು ಇದೇ ಮೊದಲು. ಕೇಳಿದ ಬೆಲೆಗೆ ಕೊಟ್ಟುಬಿಡೋಣವೆಂದು ಅಲ್ಲೇ ನಿಂತು ಫೋನು ತೆಗೆದೆ. ಆದರೆ ಅದಕ್ಕೆ ಗಿರಾಕಿ ಇರುವುದು ಒಬ್ಬಳೇ. ಅವಳ ಫೋನು ಬೇರೆ ಕರೆಯಲ್ಲಿತ್ತು. ಬಹುಶಃ ತನ್ನ ತಾಯಿಗೆ, ಇಪ್ಪತ್ತು ದಿನ ಗಿಟ್ಟಿಸಿದೆ ಎಂದು ಹೇಳಿಕೊಳ್ಳುತ್ತಿದ್ದಳು.